ಐದನೆಯ ಹಿಡಿಕೆ

ಮೂಡಲಗಿ
೧೨ ಫೆಬ್ರುವರಿ ೨೦೨೪

ಶ್ರೀ ಬಸವಲಿಂಗ ಅವರಿಗೆ,

ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದೇನೆ. ನನ್ನ ಫೋನು ಕೆಟ್ಟಿಲ್ಲ. ನಿಮ್ಮ ದನಿ ಕೇಳಿದರೆ ನಾನು ಮೆತ್ತಗಾಗುತ್ತೇನೆ ಎಂದು ನನಗೆ ಗೊತ್ತು, ನಿಮಗೂ ಗೊತ್ತು. ಹೇಳುವುದಿದ್ದರೆ ಬರೆದು ಅಂಚೆಗೆ ಹಾಕಿ.

ಹೋದ ವಾರ ನೀವು ಮನೆಗೆ ಬಂದಾಗ ನಾನು ಒಳಗೇ ಇದ್ದೆ. "ದ್ರಾಕ್ಷಿ ಸಂತಿಗೆ ಹೋಗ್ಯಾಳ" ಎಂದು ಅವ್ವ ಹೇಳಿದ್ದು ಸುಳ್ಳು. ಬಾಗಿಲ ಹಿಂದೆ ನಿಂತು ನೋಡಿದೆ. ಎಡಗೈಯಲ್ಲಿ ಚಹದ ಕಪ್ಪು ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದಿರಿ. ಬಲ ಮಣಿಕಟ್ಟಿನ ಮೇಲೆ ಎಂದಿನಂತೆ ಟವೆಲ್ಲು. ಅವ್ವ ಅಳುತ್ತಿದ್ದಳು. ನೀವು ಕೇಳಿದ ಮೊದಲ ಮಾತು, "ಮಾಲಿಂಗನ ಬ್ಯಾಗ ಪೊಲೀಸರು ಕೊಟ್ರೇನ್ರಿ ಅವ್ವಾರ?"

ಕೊಟ್ಟಿದ್ದಾರೆ. ಬ್ಯಾಗು ನನ್ನ ಹೊಲಿಗೆ ಮಷೀನಿನ ಪಕ್ಕದಲ್ಲಿದೆ. ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರೇಲರಿಗೆ ಬಡಿದು ನನ್ನ ತಮ್ಮ ಹೋದ. ಬ್ಯಾಗಿನೊಳಗಿದ್ದ ಕಟ್ಟಿಗೆಗೆ ಒಂದು ಗೀರು ಬಿದ್ದಿದೆ, ಅಷ್ಟೇ. ನಿಮ್ಮ ಒಂದೇ ಕೈಯಲ್ಲಿ ಆಡಲು ಬರಲಿ ಎಂದು ಅವನು ವರ್ಷಗಟ್ಟಲೆ ಕೆತ್ತಿದ ಗೇಮಿನ ಹಿಡಿಕೆ ಅದು. ನಿಮಗೆ ಬೇಕಾದದ್ದು ಅದೇ ಎಂದು ತಿಳಿದಿದ್ದೇನೆ.

ಏಕೆ ಬೇಕು ಎಂದು ಬರೆಯಿರಿ. ಪೂರ್ತಿ ಬರೆಯಿರಿ.

ಇತಿ,
ದ್ರಾಕ್ಷಾಯಿಣಿ ಮಾಯಪ್ಪ


ಗೋಕಾಕ
೨೦ ಫೆಬ್ರುವರಿ ೨೦೨೪

ಅಕ್ಕಾರಿಗೆ ಶರಣು.

ಬ್ಯಾಗಿನ ಬಗ್ಗೆ ಮೊದಲು ಕೇಳಿದ್ದು ಖರೆ. ಬೇರೆ ಏನು ಕೇಳಲಿ ಎಂದು ತಿಳಿಯಲಿಲ್ಲ. ಇಷ್ಟು ದಿನ 'ನೀನು' ಎನ್ನುತ್ತಿದ್ದ ನೀವು ನನ್ನನ್ನು 'ನೀವು' ಎಂದು ಬರೆದದ್ದನ್ನು ಓದಿ ನನ್ನ ಹೆಂಡತಿ ಶೋಭಾ ಕಾಗದವನ್ನು ಮಡಚಿಟ್ಟಳು.

ಪೂರ್ತಿ ಬರೆಯಿರಿ ಎಂದಿದ್ದೀರಿ. ದನದ ಮೇವಿನ ಕಣಿಕಿ ಕತ್ತರಿಸುವ ಮಷೀನಿಗೆ ಬಲಗೈ ಕೊಟ್ಟು ಬಂದ ಮೇಲೆ ನನ್ನದೇ ಗೇಮ್ ಅಂಗಡಿಯಲ್ಲಿ ನಾನು ಸುಮ್ಮನೆ ಕೂಡುತ್ತಿದ್ದೆ. ಬಂದವರು ಆಡುವರು, ನಾನು ಸಮಯ ನೋಡುವೆ. ಮಾಲಿಂಗ ಅಲ್ಲೇ ಮೂಲೆಯಲ್ಲಿ ಕೆಟ್ಟ ಕಂಟ್ರೋಲರ್ ರಿಪೇರಿ ಮಾಡುತ್ತಿದ್ದ. ಒಂದು ದಿನ ಒಂದನ್ನು ಬಿಚ್ಚಿಟ್ಟು ಹೇಳಿದ: "ಬಸ್ಯಾ, ಇದನ್ನ ಮಾಡಿದಾಂವಗ ಎಲ್ಲಾರಿಗೂ ಎರಡು ಕೈ ಅದಾವು ಅಂತ ಎಷ್ಟ ಭರೋಸಾ ನೋಡ. ಎಡಕ್ಕೊಂದು ಕೋಲು, ಬಲಕ್ಕೊಂದು ಕೋಲು. ನಡಕ್ಕೊಂದು ಹೊಟ್ಟಿ. ಹೊಟ್ಟಿ ಯಾಕ ಬೇಕಿತ್ತು?"

ಮರುದಿನ ನಿಮ್ಮ ಅಪ್ಪನ ಕುರಿ ಕತ್ತರಿ ತಂದ. ಅದನ್ನು ಒತ್ತಿದರೆ ಮುಚ್ಚುತ್ತದೆ, ಬಿಟ್ಟರೆ ತಾನೇ ತೆರೆಯುತ್ತದೆ. "ಕೈ ಅರ್ಧಾ ಕೆಲಸ ಮಾಡಿದ್ರ ಸಾಕು, ಉಳಿದದ್ದು ಕಬ್ಬಿಣ ಮಾಡ್ತೈತಿ" ಎಂದ. ಅಲ್ಲಿಂದ ಶುರುವಾಯಿತು. ಅಂಗೈಯಲ್ಲಿ ಹಿಂಡಿದರೆ ಗುಂಡು ಹಾರಬೇಕು. ಹೆಬ್ಬೆರಳಿಗೆ ಮೇಲಿನ ಕೋಲು. ಇನ್ನೊಂದು ಕೋಲನ್ನು ಹಿಡಿಕೆಯ ತಳಕ್ಕೆ ಇಟ್ಟ. ಅದನ್ನು ತೊಡೆಗೆ ಒತ್ತಿ ಹೊರಳಿಸಿದರೆ ಪರದೆಯೊಳಗಿನ ಆಟದವನ ಕಣ್ಣು ಹೊರಳುತ್ತದೆ. ಎಲ್ಲ ಭಾರ ಒಂದೇ ಕೈಮೇಲೆ ಬೀಳುತ್ತದೆಂದು ಗೋಕಾಕದ ಗೊಂಬೆ ಮಾಡುವವರಿಂದ ಹಗುರ ಕಟ್ಟಿಗೆ ತಂದು ಕೆತ್ತಿದ. ಒಂದಾದ ಮೇಲೆ ಒಂದು ಐದು ಹಿಡಿಕೆ ಮಾಡಿದ. ಐದನೆಯದು ನನ್ನ ಕೈಗೆ ಕೂತಿತು.

ಒಳಗಿನ ಸರ್ಕಿಟ್ ಮತ್ತೆ ಮಾಡಿಸಬಹುದು, ಅದರ ನಕ್ಷೆ ನನ್ನ ಹತ್ತಿರ ಇದೆ. ಆಕಾರ ಮಾತ್ರ ಆ ಕಟ್ಟಿಗೆಯಲ್ಲೇ ಇದೆ. ಪುಣೆಯ ಕಂಪನಿಯವರು ಅದರಿಂದ ಪ್ಲಾಸ್ಟಿಕ್ಕಿನ ಅಚ್ಚು ತೆಗೆಯಬೇಕು. ಕೊಲ್ಲಾಪುರದಲ್ಲಿ ಅಚ್ಚಿನವನನ್ನು ಗೊತ್ತು ಮಾಡಿದ್ದಾರೆ. ಸಂಕೇಶ್ವರದಲ್ಲಿ ಲಗಮವ್ವ ಎಂಬ ಹುಡುಗಿ ಇದ್ದಾಳೆ, ಅವಳಿಗೂ ಒಂದೇ ಕೈ. ಈಗಾಗಲೇ ಎರಡು ಸಲ ಕೇಳಿ ಹೋಗಿದ್ದಾಳೆ. ಇಂಥವರು ಬಹಳ ಜನ ಇದ್ದಾರೆ ಅಕ್ಕಾರ.

ನಿಮ್ಮ ತಮ್ಮನಂಥವ,
ಬಸವಲಿಂಗ


ಮೂಡಲಗಿ
೧೮ ಮಾರ್ಚ್ ೨೦೨೪

ಶ್ರೀ ಬಸವಲಿಂಗ ಅವರಿಗೆ,

ಪೂರ್ತಿ ಬರೆದಿಲ್ಲ ನೀವು. ಬಿಟ್ಟದ್ದನ್ನು ನಾನು ಬರೆಯುತ್ತೇನೆ.

ಡಿಸೆಂಬರಿನಲ್ಲಿ ಹುಕ್ಕೇರಿಯ ಕಾಲೇಜಿನಲ್ಲಿ ಅಂಗವಿಕಲರ ದಿನದ ಕಾರ್ಯಕ್ರಮ. ಪುಣೆಯವರು ಅಲ್ಲಿಗೆ ಬಂದಿದ್ದರು. ನೀವು ವೇದಿಕೆಯ ಮೇಲೆ ಆಡಿ ತೋರಿಸಿದಿರಿ. ಮಾಲಿಂಗ ಅಲ್ಲಿಂದ ಹೊರಡುವಾಗ ನನಗೆ ಫೋನ್ ಮಾಡಿದ್ದ.

"ಅಕ್ಕಾ, ಇವತ್ತ ಭಾಳ ದೊಡ್ಡ ಕೆಲಸಾ ಮಾಡಿದೆ."

"ಏನ್ ಮಾಡಿದ್ಯೋ?"

"ವೈರ್ ಹಿಡಕೊಂಡು ನಿಂತಿದ್ದೆ."

"ಹಿಡಿಕಿ ನೀ ಮಾಡಿದ್ದಿ ಅಂತ ಹೇಳಲಿಲ್ಲೇನು ಬಸು?"

"ತಾನ ಮಾಡೇನಿ ಅಂದಾ. ಒಂದ ಕೈಲೆ ಮಾಡೇನಿ ಅಂದಾ. ಜನ ಎದ್ದು ನಿಂತು ಚಪ್ಪಾಳಿ ಹೊಡದ್ರು. ನಾನೂ ಹೊಡಿಯಾವಿದ್ದೆ, ಕೈಯಾಗ ವೈರ್ ಇತ್ತಲ್ಲ."

"ನಿನ್ನ ಏನಂತ ಹೇಳಿದಾ?"

"ಹೆಲ್ಪರ್."

ನಕ್ಕ. ಸಿಟ್ಟು ಬಂದಾಗಲೂ ನಗುವವನು ಅವನು, ನಿಮಗೆ ಗೊತ್ತಲ್ಲ. ಬಸು ಬೈಕಿನ ಹಿಂದೆ ಕೂತಿದ್ದಾನೇನು ಎಂದು ಕೇಳಿದೆ. ಇಲ್ಲ, ಕಂಪನಿಯವರ ಕಾರಿನಲ್ಲಿ ಸಂಕೇಶ್ವರಕ್ಕೆ ಊಟಕ್ಕೆ ಹೋದ, ನಾನೊಬ್ಬನೇ ಬರುತ್ತಿದ್ದೇನೆ ಎಂದ. ಯಾವಾಗಲೂ ನೀವು ಗಾಡಿಯ ಹಿಂದೆ ಕೂತು ದಾರಿ ನೋಡುತ್ತಿದ್ದಿರಿ. "ಮುಂದ ಟ್ರೇಲರ್ ಐತಿ ಮಾಲ್ಯಾ, ಸಾವಕಾಶ" ಎಂದು ಬೆನ್ನು ತಟ್ಟುತ್ತಿದ್ದಿರಿ. ಅವನ ಗಾಡಿಯ ದೀಪ ಮಂಕು ಎಂದು ನಿಮಗೆ ತಿಳಿದಿತ್ತು.

ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆಯಲ್ಲಿ ಸತ್ತವನು ಅವನೊಬ್ಬನೇ ಅಲ್ಲ ಎಂದು ಊರವರು ನನಗೆ ಸಮಾಧಾನ ಹೇಳುತ್ತಾರೆ. ಹೇಳಲಿ.

ನನ್ನ ಮಾತು ಒಂದೇ. ಹುಕ್ಕೇರಿಯ ಅದೇ ವೇದಿಕೆಯಲ್ಲಿ, ಆ ಪುಣೆಯವರ ಎದುರಿಗೆ, ಇದನ್ನು ಮಾಡಿದವನು ಮಾಲಿಂಗ ಎಂದು ಹೇಳಿ. ಹಿಡಿಕೆಯ ಮೇಲೆ ಅವನ ಹೆಸರು ಹಾಕಿಸಿ. ಮರುದಿನ ನಾನೇ ಗೋಕಾಕಕ್ಕೆ ತಂದು ನಿಮ್ಮ ಕೈಗೆ ಕೊಡುತ್ತೇನೆ.

ದ್ರಾಕ್ಷಾಯಿಣಿ


ಗೋಕಾಕ
೨ ಏಪ್ರಿಲ್ ೨೦೨೪

ಅಕ್ಕಾರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಅಂಗಡಿ ತೆರೆಯಲಿಲ್ಲ. ಕಾರಿನಲ್ಲಿ ಹೋದದ್ದು ನನ್ನ ತಪ್ಪು. ಅದನ್ನು ಸಾಯುವವರೆಗೆ ಹೊರುತ್ತೇನೆ.

ಆದರೆ ವೇದಿಕೆಯ ಮಾತು ನೀವು ತಿಳಿದಂತೆ ಆಗಲಿಲ್ಲ. ಪುಣೆಯ ಮ್ಯಾನೇಜರ್ ಮೊದಲೇ ನನ್ನನ್ನು ಬದಿಗೆ ಕರೆದು, "ಒಂದು ಕೈಯವನು ತನಗಾಗಿ ತಾನೇ ಮಾಡಿಕೊಂಡ ಎಂದರೆ ಜನ ಕೊಳ್ಳುತ್ತಾರೆ, ಇಬ್ಬರು ಎಂದರೆ ಕತೆ ಸಪ್ಪಗಾಗುತ್ತದೆ" ಎಂದ. ಮಾಲಿಂಗನಿಗೆ ಆಮೇಲೆ ತಿಳಿಸಿ ಹೇಳೋಣ ಎಂದುಕೊಂಡೆ. ಆ 'ಆಮೇಲೆ' ಬರಲಿಲ್ಲ.

ಈಗ ಮಾತು ಬದಲಿಸಿದರೆ ನನ್ನನ್ನು ಸುಳ್ಳುಗಾರ ಎನ್ನುತ್ತಾರೆ. ಕಂಪನಿ ಕೈ ಬಿಡುತ್ತದೆ. ಆಗ ಮಾಲಿಂಗನ ಕೆಲಸವೂ ಮಣ್ಣುಪಾಲು. ಡಬ್ಬಿಯಲ್ಲಿ ಇಡುವ ಪುಸ್ತಿಕೆಯ ಕೊನೆಯ ಪುಟದಲ್ಲಿ 'ಗೆಳೆಯ ಮಾಲಿಂಗನ ನೆನಪಿಗೆ' ಎಂದು ಹಾಕಿಸುತ್ತೇನೆ, ಒಪ್ಪಿಸಿದ್ದೇನೆ. ಹೋದವನಿಗೆ ಹೆಸರು ತಗೊಂಡು ಏನಾಗಬೇಕು ಅಕ್ಕಾರ? ಅವನು ಇದ್ದಿದ್ದರೆ ಕೇಳುತ್ತಿರಲಿಲ್ಲ. ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಮಳೆಗಾಲದೊಳಗೆ ಅಚ್ಚು ಆಗಬೇಕು. ಕೈ ಮುಗಿದು ಕೇಳುತ್ತೇನೆ ಎಂದು ಬರೆಯಲೂ ನನಗೆ ಬರುವುದಿಲ್ಲ. ಒಂದೇ ಕೈ ಎತ್ತಿ ಕೇಳುತ್ತಿದ್ದೇನೆ.

ಬಸವಲಿಂಗ


ಮೂಡಲಗಿ
೨೫ ಏಪ್ರಿಲ್ ೨೦೨೪

ಶ್ರೀ ಬಸವಲಿಂಗ ಅವರಿಗೆ,

ಅವನು ಇದ್ದಿದ್ದರೆ ಕೇಳುತ್ತಿರಲಿಲ್ಲ ಎಂಬುದು ಸರಿ. ನಾನು ಇದ್ದೇನೆ, ಕೇಳಿದೆ, ನೀವು ಇಲ್ಲ ಎಂದಿರಿ.

ಅಪ್ಪ ಕುರಿ ಹಿಂಡು ಹೊಡೆದುಕೊಂಡು ಗೋಕಾಕದ ಕಡೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಹಿಡಿಕೆ ಕಳಿಸಿದ್ದೇನೆ. ಒಳಗಿನ ಸರ್ಕಿಟ್ ಒಡೆದಿತ್ತು, ಕಳಚಿದ್ದೇನೆ; ಗೀರು ಬಿದ್ದಿತ್ತು, ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆದಿದ್ದೇನೆ ಎಂದು ತಿಳಿಯಿರಿ. ಹಿಡಿದು ನೋಡಿ. ಕೈಗೆ ಹಿತವೆನಿಸಿದರೆ ಕೊಲ್ಲಾಪುರಕ್ಕೆ ಕಳಿಸಿ.

ಅಪ್ಪನಿಗೆ ಊಟ ಹಾಕಿ. ಅವನಿಗೆ ಈ ಯಾವುದೂ ಗೊತ್ತಿಲ್ಲ. ನೀವು ಒಳ್ಳೆಯವರೆಂದೇ ತಿಳಿದಿದ್ದಾನೆ.

ದ್ರಾಕ್ಷಾಯಿಣಿ


ಗೋಕಾಕ
೬ ಮೇ ೨೦೨೪

ಅಕ್ಕಾ,

ಮಾಯಪ್ಪ ಕಾಕಾ ಬಂದರು. ಕಂಬಳಿಯ ಗಂಟಿನೊಳಗಿಂದ ಹಿಡಿಕೆ ತೆಗೆದು ಕೊಟ್ಟು, "ತಗೋಪಾ, ನಿಂದು ಅಂತ ಮಗಳು ಹೇಳ್ಯಾಳ" ಎಂದರು. ಶೋಭಾ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಉಣ್ಣುತ್ತ ನನ್ನ ಎಲ್ಲ ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು.

ಹಿಡಿದ ಕೂಡಲೆ ಎಷ್ಟು ಹಿತ ಅಕ್ಕಾ. ನೆನಪಿನಲ್ಲಿದ್ದದ್ದಕ್ಕಿಂತ ಹಿತ. ಹೆಬ್ಬೆರಳು ತಾನೇ ಹೋಗಿ ಕೋಲಿನ ಮೇಲೆ ಕೂತಿತು. ಸರ್ಕಿಟ್ ಇಲ್ಲ, ಟಿವಿ ಇಲ್ಲ, ಆದರೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಅದೇ ದಿನ ಕೊಲ್ಲಾಪುರಕ್ಕೆ ಕಳಿಸಿದೆ.

ನಿಮ್ಮ ಮನಸ್ಸು ದೊಡ್ಡದು. ಈ ಋಣ ಹೇಗೆ ತೀರಿಸಲಿ ತಿಳಿಯದು.

ನಿಮ್ಮ
ಬಸು


ಗೋಕಾಕ
೧೯ ಸೆಪ್ಟೆಂಬರ್ ೨೦೨೪

ದ್ರಾಕ್ಷಾಯಿಣಿ ಅಕ್ಕಾರಿಗೆ ಬಸವಲಿಂಗನ ಹೆಂಡತಿ ಶೋಭಾ ಬರೆಯುವುದು.

ಅವರು ಬರೆಯುವ ಸ್ಥಿತಿಯಲ್ಲಿಲ್ಲ. ಕೈ ಬಾತಿದೆ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಅಚ್ಚಿನಿಂದ ಮೊದಲು ತೆಗೆದ ಹಿಡಿಕೆಗಳು ಹೋದ ವಾರ ಬಂದವು. ಕಪ್ಪು ಪ್ಲಾಸ್ಟಿಕ್ಕು, ನೋಡಲು ಬಹಳ ಚೆಂದ. ಕಂಪನಿಯವರು ಹುಕ್ಕೇರಿಯ ಅದೇ ಕಾಲೇಜಿನಲ್ಲಿ ಕಾರ್ಯಕ್ರಮ ಇಟ್ಟರು. ಮೊದಲು ಅಲ್ಲೇ ತೋರಿಸಿದ್ದು, ಅಲ್ಲೇ ಬಿಡುಗಡೆ ಮಾಡಿದರೆ ಶೋಭೆ ಎಂದರು. ಕ್ಯಾಮೆರಾ ತಂದಿದ್ದರು. ಇವರು ಒಂದು ಪೂರ್ತಿ ಆಟ ಆಡಿ ಮುಗಿಸಬೇಕು, ಅದನ್ನು ಫೋನಿನಲ್ಲಿ ದೇಶವೆಲ್ಲ ನೋಡಬೇಕು ಎಂದು ಏರ್ಪಾಡು.

ಶುರುವಿಗೆ ಬಹಳ ಚಲೋ ಆಡಿದರು. ಸ್ವಲ್ಪ ಹೊತ್ತಾದ ಮೇಲೆ ಹೆಬ್ಬೆರಳನ್ನು ಎತ್ತಿ ಎತ್ತಿ ಇಡತೊಡಗಿದರು. ಆಮೇಲೆ ಹಣೆಯ ಮೇಲೆ ಬೆವರು. ನಾನು ಮುಂದಿನ ಸಾಲಿನಲ್ಲಿದ್ದೆ, ಅಕ್ಕಾರ. ಆ ಕೈ ನನಗೆ ಗೊತ್ತು, ಮನೆಯಲ್ಲಿ ಎಲ್ಲ ಕೆಲಸ ಮಾಡುವ ಕೈ ಅದೊಂದೇ. ಅದು ಕೊಕ್ಕೆಯ ಹಾಗೆ ಮುರುಟಿಕೊಂಡಿತು. ಬಿಚ್ಚಲು ಬರಲಿಲ್ಲ. ಹಿಡಿಕೆ ಒಳಗೇ ಸಿಕ್ಕಿಕೊಂಡಿತು. ಬಿಡಿಸಲು ಅವರಿಗೆ ಇನ್ನೊಂದು ಕೈ ಇಲ್ಲ. ನಾನು ವೇದಿಕೆ ಹತ್ತಿ ಒಂದೊಂದೇ ಬೆರಳು ಬಿಡಿಸಿದೆ. ಪರದೆಯ ಮೇಲೆ ಆಟದವನು ಗೋಡೆಗೆ ಮುಖ ಕೊಟ್ಟು ನಡೆಯುತ್ತಲೇ ಇದ್ದ.

ಮ್ಯಾನೇಜರ್ ಬಂದು, "ಏನಾಯ್ತ್ರಿ, ನೀವೇ ಮಾಡಿದ್ದಲ್ಲ ಇದು?" ಎಂದ.

ಇವರು ನೋವಿನಲ್ಲಿ ಅಂದರು: "ಮಾಲಿಂಗ ಹಿಂಗ ಮಾಡಿರಲಿಲ್ಲ."

"ಯಾರು ಮಾಲಿಂಗ?"

ಮೈಕು ಅಂಗಿಗೇ ಇತ್ತು. ಇಡೀ ಸಭೆಗೆ ಕೇಳಿಸಿತು. ಇವರು, "ಮಾಡಿದಾಂವ" ಎಂದರು.

ಆಮೇಲೆ ಎಲ್ಲವನ್ನೂ ಹೇಳಿದರು. ಕತ್ತರಿಯ ವಿಷಯ, ಕಟ್ಟಿಗೆಯ ವಿಷಯ, ವೈರ್ ಹಿಡಿದು ನಿಲ್ಲಿಸಿದ ವಿಷಯ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ, "ಒಂದ ಕೈಲೆ ಕಟಿಗಿ ಹಿಡಿಯಾಂವ ಉಳಿ ಯಾತರಲೆ ಹಿಡಿತಿದ್ದಾ? ನಮಗರ ಆವಾಗ ಯಾಕ ಹೊಳಿಲಿಲ್ಲ?" ಎಂದ. ಜನ ನಕ್ಕರು.

ಅಕ್ಕಾರ, ಒಂದು ಕೇಳುತ್ತೇನೆ. ಸಿಟ್ಟಾಗಬೇಡಿ. ನೀವು ಕಳಿಸಿದ್ದು ಅದೇ ಹಿಡಿಕೆಯೇನು?

ಶೋಭಾ


ಮೂಡಲಗಿ
೩೦ ಸೆಪ್ಟೆಂಬರ್ ೨೦೨೪

ಪ್ರೀತಿಯ ಶೋಭಾಗೆ,

ಅಲ್ಲ. ನಾನು ಕಳಿಸಿದ್ದು ಮನೆಯಲ್ಲೇ ಉಳಿದಿದ್ದ ನಾಲ್ಕನೆಯದು. ಐದನೆಯದು ನನ್ನ ಹತ್ತಿರವೇ ಇದೆ, ಗೀರಿನ ಸಮೇತ.

ನಾಲ್ಕನೆಯದನ್ನು ಮಾಡಿದಾಗ ಮಾಲಿಂಗ ಬಹಳ ಹಿಗ್ಗಿದ್ದ. ನಿನ್ನ ಗಂಡ ಅದನ್ನು ಹಿಡಿದ ಕೂಡಲೆ "ಮುಗೀತು, ಇದ ಸೈ" ಎಂದಿದ್ದನಂತೆ. ಅರ್ಧ ತಾಸು ಆಡಿದ ಮೇಲೆ ಹೆಬ್ಬೆರಳಿನ ಬುಡ ಉರಿಯತೊಡಗಿತು. ಕೋಲು ಒಂದು ನಾಣ್ಯದ ದಪ್ಪದಷ್ಟು ದೂರ ಇತ್ತು, ಹಿಂಡುವ ಕಡೆಗೆ ಹಿಡಿಕೆ ತುಸು ತೆಳ್ಳಗಿತ್ತು. ಮಾಲಿಂಗ ಮನೆಗೆ ಬಂದು ಕಾಲಿನ ಚಪ್ಪಲಿ ತೋರಿಸಿ ನನಗೆ ಹೇಳಿದ: "ಅಕ್ಕಾ, ಚಲೋ ಚರ್ಮದ ಚಪ್ಪಲಿ ಮೊದಲ ಕಚ್ಚತೈತಿ, ಆಮ್ಯಾಲ ವರ್ಷಾನುಗಟ್ಲೆ ಕಾಲ ಕಾಯ್ತೈತಿ. ನಾ ಉಲ್ಟಾ ಮಾಡೇನಿ. ಮೊದಲ ಮುದ್ದ ಮಾಡಿ ಆಮ್ಯಾಲ ಕಚ್ಚೂದನ್ನ ಮಾಡೇನಿ." ಐದನೆಯದು ಹಿಡಿದ ಕೂಡಲೆ ಒರಟು. ಇದೇನೋ ಎಂದು ಬೈದೇ ನಿನ್ನ ಗಂಡ ಅದನ್ನು ರೂಢಿ ಮಾಡಿಕೊಂಡದ್ದು.

ಕೈ ಇಷ್ಟು ಬಾತುಕೊಳ್ಳುತ್ತದೆಂದು ನಾನು ತಿಳಿದಿರಲಿಲ್ಲ. ತಿಳಿದಿದ್ದರೂ ಕಳಿಸುತ್ತಿದ್ದೆ. ನಿನ್ನ ಮನೆಯ ಕೆಲಸಕ್ಕೆ ತೊಂದರೆಯಾಯಿತು, ಅದಕ್ಕೆ ಮಾತ್ರ ನನಗೆ ಕೆಡುಕೆನಿಸುತ್ತದೆ. ಬಿಸಿ ಉಪ್ಪಿನ ಶಾಖ ಕೊಡು.

ಈ ಕಾಗದವನ್ನು ಅವರಿಗೆ ಓದಿ ಹೇಳು.

ದ್ರಾಕ್ಷಾಯಿಣಿ


ಗೋಕಾಕ
೧೧ ನವೆಂಬರ್ ೨೦೨೪

ಅಕ್ಕಾ,

ಕೈ ಈಗ ಬರೆಯುವಷ್ಟು ಆಗಿದೆ. ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ.

ಶೋಭಾ ಓದಿ ಹೇಳಿದಳು. ಒಂದು ಮಾತು ಹೇಳುತ್ತೇನೆ. ಆ ದಿನ ಕಾಕಾ ಹಿಡಿಕೆ ಕೊಟ್ಟಾಗ ನನ್ನ ಕೈಗೆ ಅನುಮಾನ ಬಂದಿತ್ತು. ಇಷ್ಟು ಮೆತ್ತಗಿರಲಿಲ್ಲವಲ್ಲ ಎಂದುಕೊಂಡೆ. ಆದರೆ ಅದೇ ಆಗಿರಬೇಕು ಎಂದು ನನಗೆ ಬೇಕಾಗಿತ್ತು. ಕೈ ಹೇಳಿದ್ದನ್ನು ನಾನು ಕೇಳಲಿಲ್ಲ. ನೀವು ಮೋಸ ಮಾಡಿದಿರಿ ಎಂದು ಶೋಭಾ ಅನ್ನುತ್ತಾಳೆ. ನಾನು ಅನ್ನುವುದಿಲ್ಲ.

ಕಂಪನಿಯವರು ಮೊದಲು ಎಲ್ಲ ಬಿಟ್ಟು ಹೋದರು. ಆಮೇಲೆ ಆ ಸಭೆಯ ವಿಡಿಯೊ ಬಹಳ ಜನ ನೋಡಿದರಂತೆ, ಮತ್ತೆ ಬಂದರು. ಈಗ ನಿಜವಾದ ಹಿಡಿಕೆಯಿಂದ ಹೊಸ ಅಚ್ಚು ತೆಗೆಯಲು ತಯಾರಿದ್ದಾರೆ. ಹೆಸರು 'ಮಾಲಿಂಗ' ಎಂದೇ ಇಡುತ್ತಾರೆ. ಪ್ರತಿ ಹಿಡಿಕೆಯ ಮೇಲೂ, ಹೆಬ್ಬೆರಳಿನ ಕೆಳಗೆ, ಕನ್ನಡ ಅಕ್ಷರದಲ್ಲಿ. ಬರೆದು ಕೊಟ್ಟಿದ್ದಾರೆ. ನನ್ನ ಹೆಸರು ಎಲ್ಲಿಯೂ ಇರುವುದಿಲ್ಲ, ಅದನ್ನು ನಾನೇ ಹೇಳಿ ಬರೆಸಿದ್ದೇನೆ. ಕೋಲಿನ ಒಳಗೆ ಬೇಗ ಸವೆಯುವ ಅಗ್ಗದ ಪಟ್ಟಿ ಹಾಕಬೇಡಿ, ಮಾಲಿಂಗ ಹೇಳಿದಂತೆ ಅಯಸ್ಕಾಂತವೇ ಇರಲಿ ಎಂದು ಹಟ ಹಿಡಿದೆ. ಒಪ್ಪಿದರು.

ಅದೇ ವೇದಿಕೆಯಲ್ಲಿ ಹೇಳಿದರೆ ಕೊಡುತ್ತೇನೆ ಎಂದು ನೀವು ಬರೆದಿದ್ದಿರಿ. ಅದೇ ವೇದಿಕೆಯಲ್ಲೇ ಹೇಳಿದ್ದೇನೆ.

ಇನ್ನೊಂದು. ಅಚ್ಚು ತೆಗೆದ ಮೇಲೆ ಆ ಕಟ್ಟಿಗೆಯನ್ನು ನನಗೆ ಕೊಡುತ್ತೀರೇನು? ಅವನು ಹೋದಾಗಿನಿಂದ ನಾನು ನೆಮ್ಮದಿಯಾಗಿ ಒಂದು ಆಟ ಆಡಿಲ್ಲ. ಅದರಲ್ಲಿ ಆಡುವಾಗ ಅವನು ಪಕ್ಕದಲ್ಲಿ ಕೂತು, "ಎಡಕ್ಕ ಹೊಳ್ಳೋ ಹುಚ್ಚಪ್ಪಾ" ಎಂದು ಬೈದ ಹಾಗಾಗುತ್ತದೆ.

ನಿಮ್ಮ
ಬಸು


ಮೂಡಲಗಿ
೩ ಡಿಸೆಂಬರ್ ೨೦೨೪

ಬಸು,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ವರ್ಷದ ಕಾರ್ಯ ಮುಗಿಯಲಿ ಎಂದು ತಡೆದೆ. ಇವತ್ತು ಮುಗಿಯಿತು. ಅಪ್ಪ ನಿನ್ನ ದಾರಿ ನೋಡುತ್ತಿದ್ದ. ನಿನಗೆ ಹೇಳಿ ಕಳಿಸಬೇಡ ಎಂದವಳು ನಾನು.

ನೀನು ವೇದಿಕೆಯಲ್ಲಿ ಹೇಳಿದ್ದು ನಿಜ. ಆದರೆ ಕೈ ನೊಂದ ಮೇಲೆ ಹೇಳಿದೆ. ಅವನ ಹೆಸರು ನಿನ್ನ ಬಾಯಿಂದ ಮೊದಲು ಬಂದದ್ದು ದೂರು ಹೇಳಲು. ಮಾರ್ಚ್‌ನಲ್ಲಿ ಕೈ ಚೆನ್ನಾಗಿದ್ದಾಗ ನಾನು ಕೇಳಿದ್ದೆ.

ಐದನೆಯದನ್ನು ನಾನು ದಿನಾ ಮಧ್ಯಾಹ್ನ ಹೊಲಿಗೆ ಬಿಟ್ಟು ಹಿಡಿದುಕೊಂಡು ಕೂಡುತ್ತಿದ್ದೆ. ತಮ್ಮ ಮುಟ್ಟಿದ ವಸ್ತು, ಅವನ ಕೈ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿದ್ದೆ. ಸಿಗಲಿಲ್ಲ. ನನ್ನ ಬೆರಳು ಇಟ್ಟಲ್ಲೆಲ್ಲ ನಿನ್ನ ಬೆರಳಿನ ತಗ್ಗು. ಅಂಗೈ ಒತ್ತಿದರೆ ನಿನ್ನ ಅಂಗೈ. ಅವನು ತನ್ನ ಗುರುತನ್ನು ಒಂದು ಚೂರೂ ಬಿಡದೆ, ಎಲ್ಲ ಕಡೆ ನಿನ್ನನ್ನು ಕೆತ್ತಿ ಹೋಗಿದ್ದಾನೆ. ವರ್ಷಗಟ್ಟಲೆ ನಿನ್ನ ಕೈ ಹಿಡಿದು ನೋಡಿ, ಮನೆಗೆ ಬಂದು ಕೆತ್ತಿ, ಮತ್ತೆ ನಿನ್ನ ಕೈ ಹಿಡಿದು ನೋಡಿ ಮಾಡಿದ್ದು. ಲಗಮವ್ವನಿಗಾಗಿ ಮಾಡಲಿಲ್ಲ, ಪುಣೆಗಾಗಿ ಮಾಡಲಿಲ್ಲ. ಹೆಸರಿಗಾಗಿಯೂ ಮಾಡಲಿಲ್ಲ. ನೀನು ಅಂಗಡಿಯಲ್ಲಿ ಸುಮ್ಮನೆ ಕೂಡುವುದನ್ನು ಅವನಿಗೆ ನೋಡಲಾಗಲಿಲ್ಲ, ಅದಕ್ಕೆ ಮಾಡಿದ. ಅಂಥವನನ್ನು ಹೆಲ್ಪರ್ ಎಂದೆ.

ಪ್ರತಿ ಹಿಡಿಕೆಯ ಮೇಲೂ ಅವನ ಹೆಸರು ಇರುತ್ತದೆ ಎಂದು ಬರೆದಿದ್ದೀಯ. ಆ ಹೆಸರಿನ ಮೇಲೆ ನಿನ್ನ ಹೆಬ್ಬೆರಳು ಇರುತ್ತದೆ. ಸಾವಿರ ಮನೆಯಲ್ಲಿ, ನಿನ್ನದೇ ಕೈಯ ಅಚ್ಚು. ನಾನು ಬಹಳ ಯೋಚಿಸಿದೆ ಬಸು. ನನಗೆ ಅದು ಬೇಡ.

ಕಟ್ಟಿಗೆ ಉಜ್ಜುವ ಅವನ ಅರ ತೆಗೆದುಕೊಂಡು ಇವತ್ತು ಜಗಲಿಯ ಮೇಲೆ ಕೂತೆ. ಹಗುರ ಕಟ್ಟಿಗೆ, ಬೇಗ ಸವೆಯುತ್ತದೆ. ಮೊದಲು ಅಂಗೈಯ ಉಬ್ಬು ತೆಗೆದೆ. ಆಮೇಲೆ ಬೆರಳುಗಳ ನಡುವಿನ ದಿಂಡು. ಹೆಬ್ಬೆರಳಿನ ತಗ್ಗನ್ನು ಈಚೆಗೆ ಸರಿಸಿದೆ. ನಿನ್ನ ಕೈ ದೊಡ್ಡದು, ನನ್ನದು ಸಣ್ಣದು, ತೆಗೆಯುವುದು ಬಹಳ ಇತ್ತು. ನೆಂಟರು ಉಂಡು ಎದ್ದ ಮೇಲೆ ಅವ್ವ ಹೊರಗೆ ಬಂದಳು.

"ಏನ್ ಮಾಡಾಕತ್ತಿಬೇ ದ್ರಾಕ್ಷಿ? ಅದು ಅವನ ಸಾಮಾನಲ್ಲ?"

"ಅಳತಿ ಸರಿ ಮಾಡಾಕತ್ತೇನಿ."

"ಯಾರದು?"

"ನಂದು."

ಅವ್ವ ಕೆಳಗೆ ಒಂದು ಹಳೆಯ ಸೀರೆಯ ತುಂಡು ಹಾಸಿ ಒಳಗೆ ಹೋದಳು.

ಈಗ ಅದು ನನ್ನ ಕೈಯಲ್ಲಿ ಅಲುಗದೆ ಕೂಡುತ್ತದೆ. ನನಗೆ ಆಡಲು ಬರುವುದಿಲ್ಲ, ಕಲಿಯುವುದೂ ಇಲ್ಲ. ಕಂಪನಿಯವರಿಗೆ ಬರಬೇಡಿ ಎಂದು ಹೇಳು.

ಸೀರೆಯ ತುಂಡಿನಲ್ಲಿ ಬಿದ್ದ ಪುಡಿಯನ್ನೆಲ್ಲ ಕೂಡಿಸಿ ಈ ಪಾಕೀಟಿನಲ್ಲಿ ಹಾಕಿದ್ದೇನೆ. ಒಡೆಯುವಾಗ ಜೋಪಾನ, ಚೆಲ್ಲುತ್ತದೆ. ಅದು ನಿನ್ನ ಕೈ, ಬಸು. ನಿನಗೆ ತಿರುಗಿ ಕಳಿಸಿದ್ದೇನೆ.

ಮಾಲಿಂಗನ ಅಕ್ಕ,
ದ್ರಾಕ್ಷಾಯಿಣಿ